ಎಲೆಯೊಳಗಿನ ಬಂಗುಡೆ

ನಮ್ಮ ಕರಾವಳಿಯಲ್ಲಿ ಮೀನಿನ ಅಡುಗೆ ಎಂದಾಕ್ಷಣ ಯಾರಿಗಾದರೂ ನೆನಪಾಗುವುದು ಎರಡೇ ಬಗೆ. ಒಂದು, ತೆಂಗಿನಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹಣ್ಣುಗಳನ್ನು ನುಣ್ಣಗೆ ಅರೆದು ಮಣ್ಣಿನ ಗಡಿಗೆಯಲ್ಲಿ ಕುದಿಸಿದ ಸಾರು. ಇನ್ನೊಂದು, ಮಸಾಲೆ ಮೆತ್ತಿ ಕಾವಲಿಯ ಮೇಲೆ ತೆಂಗಿನೆಣ್ಣೆಯಲ್ಲಿ ಗರಿಗರಿಯಾಗಿ ಹುರಿದ ಮೀನು. ನೆಂಟರು ಬಂದರೆ ಎರಡೂ ಆಗಬೇಕು. ಬಾರದ ದಿನ ಒಂದಾದರೂ ಆಗಬೇಕು. ಇವೆರಡರ ಪಕ್ಕದಲ್ಲಿ ಮೂರನೆಯ ಬಗೆಯೊಂದು ಇತ್ತು. ಆದರೆ ಅದನ್ನು ನಮ್ಮ ಹಿರಿಯರು ಅಡುಗೆ ಎಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅದು ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಸುಟ್ಟ ಮೀನು. ಇಂದಿನ ಬರಹ ಆ ಮೂರನೆಯ ಬಗೆಯ ಕುರಿತು. ಅದು ಎಪ್ಪತ್ತು ದಾಟಿದ ಈ ಮೇಷ್ಟರ ಮನೆಗೆ ಮರಳಿ ಬಂದ ರೀತಿಯ ಕುರಿತು.

ನಾನು ಹುಟ್ಟಿದ್ದು 1951ರಲ್ಲಿ, ಕುಂದಾಪುರ ತಾಲೂಕಿನ ಕಡಲತಡಿಯ ಒಂದು ಹಳ್ಳಿಯಲ್ಲಿ. ಆಗಿನ ಮನೆಗಳಲ್ಲಿ ಸಂಜೆ ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ಬಚ್ಚಲೊಲೆಯ ಬೆಂಕಿ ಇಳಿದು ಕೆಂಡವಾಗಿರುತ್ತಿತ್ತು. ಆ ಕೆಂಡ ವ್ಯರ್ಥವಾಗಬಾರದೆಂದು ನನ್ನ ಅಜ್ಜಿ ನಾಲ್ಕಾರು ಬಂಗುಡೆಗಳಿಗೆ ಉಪ್ಪು, ಅರಿಶಿನ, ಕಾಳುಮೆಣಸಿನ ಪುಡಿ ಸವರಿ, ಬಾಡಿಸಿದ ಬಾಳೆಯೆಲೆಯಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ ಬಿಸಿಬೂದಿಯೊಳಗೆ ಹುಗಿಯುತ್ತಿದ್ದರು. ಹೊರಗಿನ ಎಲೆ ಕರಕಲಾಗುವ ವೇಳೆಗೆ ಒಳಗಿನ ಮೀನು ಹದವಾಗಿ ಬೆಂದಿರುತ್ತಿತ್ತು. ಅದರ ಬದಿಯಲ್ಲೇ ಒಂದೆರಡು ಗೆಣಸು, ಒಂದು ಇಡೀ ಬದನೆಕಾಯಿ, ಕೆಲವು ಈರುಳ್ಳಿ ಗಡ್ಡೆಗಳು. ಎಣ್ಣೆಯ ಒಂದು ಹನಿಯೂ ಇಲ್ಲ. ಆರೋಗ್ಯದ ವಿಚಾರ ಅಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಎಣ್ಣೆ ದುಬಾರಿ, ಮೀನು ಅಗ್ಗ, ಕೆಂಡ ಪುಕ್ಕಟೆ, ಅಷ್ಟೇ.

ಮೀನು ಎಷ್ಟು ಅಗ್ಗವೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬಲಾರರು. ಅದು ರಂಪಣಿ ಬಲೆಯ ಕಾಲ. ಕಡಲಿನಲ್ಲಿ ಅರ್ಧವರ್ತುಲವಾಗಿ ಬಿಟ್ಟ ಉದ್ದನೆಯ ಬಲೆಯ ಎರಡು ತುದಿಗಳನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು. ಬಂಗುಡೆ, ಬೂತಾಯಿಗಳ ಹಿಂಡು ಸಿಕ್ಕಿದ ದಿನ ಊರಿಗೆ ಊರೇ ತಿಂದು, ಒಣಗಿಸಿ, ಇನ್ನೂ ಉಳಿದದ್ದನ್ನು ತೆಂಗಿನ ಮರದ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸರಿಯಿತು. ಮನೆಗಳಲ್ಲಿ ಬಚ್ಚಲೊಲೆ ಹೋಗಿ ವಿದ್ಯುತ್ ಹಂಡೆ ಬಂತು, ಸೌದೆ ಒಲೆಯ ಜಾಗಕ್ಕೆ ಗ್ಯಾಸ್ ಬಂತು, ಎಣ್ಣೆ ಕೈಗೆಟುಕುವಂತಾಯಿತು. ಕೆಂಡವಿಲ್ಲದ ಮೇಲೆ ಕೆಂಡದ ಮೀನು ಎಲ್ಲಿಂದ ಬರಬೇಕು? ಮೂರನೆಯ ಬಗೆ ಸದ್ದಿಲ್ಲದೆ ಮರೆಯಾಯಿತು.

ಕನ್ನಡ ಅಧ್ಯಾಪಕನಾದ ನನಗೆ ಅಡುಗೆಯ ಪರಿಚಯವಿದ್ದದ್ದು ಹೆಚ್ಚಾಗಿ ಪುಸ್ತಕಗಳ ಮೂಲಕ. ವಿರಾಟನ ಅರಮನೆಯಲ್ಲಿ ಸೌಟು ಹಿಡಿದ ವಲಲನ ಕಥೆಯನ್ನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರವನ್ನೂ ಹೆಸರಿಸುತ್ತಿದ್ದೆ. ಆತ ಜೈನನಾದ್ದರಿಂದ ಅಲ್ಲಿ ಮೀನಿಗೆ ಪ್ರವೇಶವಿಲ್ಲ. ಆದರೆ ಅದಕ್ಕೂ ಹಿಂದೆ, 12ನೆಯ ಶತಮಾನದಲ್ಲಿ, ಕಲ್ಯಾಣದಿಂದ ನಾಡಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಪ್ರಕರಣವಿದೆ, ಮೀನಿನ ಅಡುಗೆಯ ಮಾತೂ ಇದೆ. ಸಮುದ್ರದಿಂದ ಅಷ್ಟು ದೂರ ಕುಳಿತ ಅರಸನಿಗೂ ಮೀನಿನ ವಿಷಯ ಬರೆಯದೆ ಇರಲಾಗಲಿಲ್ಲ! ಇಂಥ ಸಂಗತಿಗಳನ್ನು ನಾನು ಊಟದ ಹೊತ್ತಿನಲ್ಲಿ ಹೇಳುವುದು, ನನ್ನ ಶ್ರೀಮತಿ ಬಡಿಸುತ್ತ ಕೇಳುವುದು, 1978ರಿಂದ 44 ವರ್ಷ ನಮ್ಮ ಮನೆಯಲ್ಲಿ ನಡೆದು ಬಂದ ಕ್ರಮ. ಶಾಲೆಯ ಆಡಳಿತ ನನ್ನದು, ಅಡುಗೆಮನೆಯ ಆಡಳಿತ ಆಕೆಯದು. ಗಡಿ ದಾಟುವ ಪ್ರಮೇಯ ಇಬ್ಬರಿಗೂ ಬಂದಿರಲಿಲ್ಲ.

2022ರ ಮಾರ್ಚ್ ತಿಂಗಳಲ್ಲಿ ಆ ಪ್ರಮೇಯ ಬಂತು. ಒಂದು ಮುಂಜಾನೆ ಹಿತ್ತಿಲಿನಿಂದ ಹೂ ಕೊಯ್ದು ಒಳಗೆ ಬಂದ ಆಕೆಯ ಬಲಗೈಯಿಂದ ಬುಟ್ಟಿ ಜಾರಿತು. ಏನಾಯಿತೆಂದು ಕೇಳಿದರೆ ಬಾಯಿಯ ಒಂದು ಬದಿ ಓರೆಯಾಗಿತ್ತು, ಮಾತು ಹೊರಡಲಿಲ್ಲ. ನೆರೆಮನೆಯವರ ಕಾರಿನಲ್ಲಿ ಬೇಗನೆ ಆಸ್ಪತ್ರೆಗೆ ತಲುಪಿದೆವು, ಜೀವ ಉಳಿಯಿತು. ಮಿದುಳಿನ ಎಡಭಾಗಕ್ಕೆ ರಕ್ತ ಸಂಚಾರ ತಡೆದದ್ದರಿಂದ ದೇಹದ ಬಲಭಾಗ ಸೋತಿದೆ, ಮಾತಿನ ಕೇಂದ್ರವೂ ಹೆಚ್ಚಿನವರಲ್ಲಿ ಎಡಭಾಗದಲ್ಲೇ ಇರುವುದರಿಂದ ಮಾತಿಗೂ ಪೆಟ್ಟಾಗಿದೆ ಎಂದು ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ರಕ್ತದೊತ್ತಡ ಬಹಳ ವರ್ಷಗಳಿಂದ ಇತ್ತು. ಮನೆಗೆ ಕಳುಹಿಸುವಾಗ ಔಷಧಿಯ ಚೀಟಿಯ ಜೊತೆಗೆ ಆಹಾರದ ಚೀಟಿಯೂ ಬಂತು. ಉಪ್ಪು ದಿನಕ್ಕೆ ಒಂದು ಸಣ್ಣ ಚಮಚಕ್ಕಿಂತ, ಅಂದರೆ ಸುಮಾರು 5 ಗ್ರಾಂಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವ ಮಿತಿಯೇ ಅದು. ಕರಿದದ್ದು ಬೇಡ, ಉಪ್ಪಿನಕಾಯಿ ಹಪ್ಪಳ ಬೇಡ, ಒಣಮೀನಿನ ಹೆಸರನ್ನೇ ಎತ್ತಬೇಡ, ತೆಂಗಿನಕಾಯಿ ಮಿತವಾಗಿರಲಿ. ನುಂಗುವ ಶಕ್ತಿ ಮರಳುವ ತನಕ ಮೆತ್ತಗಿನ ಆಹಾರ ಮಾತ್ರ. ಮೀನು ಕೊಡಬಹುದು, ಒಳ್ಳೆಯದೇ. ಆದರೆ ಒಂದೇ ಒಂದು ಮುಳ್ಳೂ ಇರಕೂಡದು.

ಬೆಳಗಿನ ಕೆಲಸಕ್ಕೂ ಮಧ್ಯಾಹ್ನದ ಅಡುಗೆಗೂ ಊರಿನ ಒಬ್ಬ ಹೆಂಗಸು ಬರತೊಡಗಿದರು. ರಾತ್ರಿಯ ಊಟ ನನ್ನ ಪಾಲಿಗೆ ಬಂತು. ಗಂಜಿ, ಬೇಯಿಸಿದ ತರಕಾರಿ, ತೆಳ್ಳನೆಯ ಬೇಳೆ. ಚೀಟಿಯಲ್ಲಿ ಬರೆದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಆದರೆ ತಟ್ಟೆ ಅರ್ಧಕ್ಕೇ ಹಿಂದಿರುಗುತ್ತಿತ್ತು. ಒಂದೊಂದು ದಿನ ಎರಡು ಚಮಚದ ನಂತರ ಎಡಗೈಯಿಂದ ನನ್ನ ಕೈಯನ್ನು ಮೆಲ್ಲಗೆ ದೂರ ಸರಿಸುತ್ತಿದ್ದಳು. ಆಗಸ್ಟ್ ಹೊತ್ತಿಗೆ ಆಕೆಯ ತೂಕ ಆರು ಕಿಲೋ ಇಳಿದಿತ್ತು. ಮಾತು ನಾಲ್ಕೈದು ಪದಗಳಲ್ಲೇ ನಿಂತಿತ್ತು: ಹ್ಞಾಂ, ಬೇಡ, ನೀರು, ಮಗಳ ಹೆಸರು. ನೋವಿನ ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ಔಷಧಿಯಿಂದ ಉಳಿದ ಜೀವ ಅನ್ನದ ಮೇಲಿನ ಆಸೆ ಕಳೆದುಕೊಂಡು ನನ್ನ ಕಣ್ಣೆದುರಿಗೇ ಕರಗುತ್ತಿದೆಯೇನೋ ಎಂಬ ಭಯ ನನ್ನನ್ನು ರಾತ್ರಿ ಮಲಗಗೊಡುತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ನಮ್ಮ ಮಗಳು ಕೆಲವು ವರ್ಷಗಳ ಹಿಂದೆ ಮೊಮ್ಮಕ್ಕಳಿಗೆ ರಜೆಯಲ್ಲಿ ಕೇಕು ಮಾಡಿಕೊಡಲೆಂದು ಒಂದು ವಿದ್ಯುತ್ ಓವನ್ ತಂದಿಟ್ಟಿದ್ದಳು. ಮೇಲೊಂದು ಕೆಳಗೊಂದು ಕಾಯುವ ಸರಳು, ಶಾಖದ ತಿರುಗುಗುಂಡಿ, ಸಮಯದ ತಿರುಗುಗುಂಡಿ, ಒಂದು ಗಾಜಿನ ಬಾಗಿಲು. ಇಷ್ಟೇ ಅದರ ವಿದ್ಯೆ. ಫೋನಿನಲ್ಲಿ ಅವಳೇ ಹೇಳಿದಳು: "ಅಪ್ಪಯ್ಯ, ಅದರಲ್ಲಿ ಮೀನು ಬೇಯಿಸಿ ನೋಡಿ. ಎಣ್ಣೆ ಬೇಡ, ಪಕ್ಕದಲ್ಲಿ ನಿಂತು ಕಾಯುವುದೂ ಬೇಡ." ಓವನ್ನಿನ ಗಾಜಿನ ಬಾಗಿಲಿನಾಚೆ ಕೆಂಪಗೆ ಕಾದ ಸರಳುಗಳನ್ನು ಕಂಡಾಗ ನನಗೆ ಹೊಳೆದದ್ದು ಬಚ್ಚಲೊಲೆ. ಸುತ್ತಲೂ ಒಣಶಾಖ, ನಡುವೆ ಎಲೆಯಲ್ಲಿ ಸುತ್ತಿದ ಮೀನು. ಅಜ್ಜಿಯ ವಿದ್ಯೆಗೂ ಇದಕ್ಕೂ ವ್ಯತ್ಯಾಸವಿರುವುದು ಕೆಂಡದಲ್ಲಿ ಮಾತ್ರ.

ಜೂನ್, ಜುಲೈ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿಯಿಟ್ಟು ಬೆಳೆಯಲೆಂದು 61 ದಿನಗಳ ರಜೆ. ಆಗಸ್ಟ್ ಬಂದು ದೋಣಿಗಳು ಕಡಲಿಗಿಳಿದ ಮೇಲೆ ನಮ್ಮ ಬಾಗಿಲಿಗೆ ಮೀನು ತರುವಾಕೆ ಒಂದು ಬೆಳಿಗ್ಗೆ ಬುಟ್ಟಿ ಇಳಿಸಿ, "ಮಾಷ್ಟ್ರೇ, ಬಂಗ್ಡಿ ಲಾಯ್ಕಿತ್ತ್ ಕಾಣಿ" ಎಂದರು. ಆ ಸಂಜೆ ಎರಡು ಬಂಗುಡೆಗಳನ್ನು ಬಾಳೆಯೆಲೆಯಲ್ಲಿ ಸುತ್ತಿ ಓವನ್ನಿಗೆ ಇಟ್ಟೆ. ಹದಿನೈದು ನಿಮಿಷವಾಗಿರಬೇಕು, ಎಲೆ ಸುಡುವ ಪರಿಮಳ ಪಡಸಾಲೆಯವರೆಗೆ ಹರಡಿತು. ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ ಆಕೆ ತಿರುಗಿದಳು. ಎಡಗೈ ಎತ್ತಿ ಹಿತ್ತಿಲನ್ನು ತೋರಿಸಿದಳು. ತುಟಿಗಳು ಬಹಳ ಹೊತ್ತು ಹೆಣಗಿದವು. ಆಮೇಲೆ ಎರಡು ಪದ ಹೊರಬಂದವು:

"ಅರಿಶಿನ... ಎಲೆ."

ನನಗೆ ಅರ್ಥವಾಯಿತು. ಹಿತ್ತಿಲಿನಲ್ಲಿ ಆಗ ಅರಿಶಿನದ ಗಿಡಗಳು ಮೊಳಕಾಲೆತ್ತರ ಬೆಳೆದಿದ್ದವು. ನಾಗರಪಂಚಮಿಗೆ ಕಡುಬು ಮಾಡುವ ಎಲೆ. ಆಕೆಯ ತವರಿನಲ್ಲಿ ಮೀನನ್ನು ಮೊದಲು ಅರಿಶಿನದ ಎಲೆಯಲ್ಲಿ ಸುತ್ತಿ, ಅದರ ಮೇಲೆ ಬಾಳೆಯೆಲೆ ಸುತ್ತುವ ರೂಢಿಯಂತೆ. ನನಗೆ ಅದು ತಿಳಿದದ್ದು ಅಂದೇ. ಐದು ತಿಂಗಳಲ್ಲಿ ಆಕೆ ಆಡಿದ್ದು ಬೇಕು ಬೇಡಗಳ ಮಾತು. ಇದು ಅದಲ್ಲ. ಇದು ಅಪ್ಪಣೆ. ಅಡುಗೆಮನೆಯ ಒಡತಿ ತನ್ನ ಅಧಿಕಾರವನ್ನು ಮರಳಿ ಕೈಗೆತ್ತಿಕೊಂಡ ಮಾತು. ಟಾರ್ಚು ಹಿಡಿದು ಮಳೆಯಲ್ಲೇ ಹೋಗಿ ನಾಲ್ಕು ಎಲೆ ಕೊಯ್ದು ತಂದು, ಮರುದಿನಕ್ಕೆಂದು ಆಕೆಗೆ ಕಾಣುವಂತೆ ಮೇಜಿನ ಮೇಲಿಟ್ಟೆ. ಅಂದಿನ ಮೀನಿನಲ್ಲಿ ಆಕೆ ಮುಕ್ಕಾಲು ಪಾಲು ತಿಂದಳು. ಮರುದಿನದ್ದರಲ್ಲಿ ಏನೂ ಉಳಿಯಲಿಲ್ಲ.

ಅಂದಿನಿಂದ ವಾರಕ್ಕೆ ಎರಡು ಸಂಜೆ, ಕೆಲವೊಮ್ಮೆ ಮೂರು, ನಮ್ಮಲ್ಲಿ ಇದೇ ಊಟ. ವಿಧಾನವನ್ನು ಬರೆದು ಕಳುಹಿಸಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಮೇಷ್ಟರಿಗೆ ವಿಧಾನವನ್ನು ಮಾತ್ರ ಹೇಳಿ ಸುಮ್ಮನಿರಲು ಬರುವುದಿಲ್ಲ. ಕಾರಣವನ್ನೂ ಸೇರಿಸಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಇಬ್ಬರಿಗೆ ಮಧ್ಯಮ ಗಾತ್ರದ ಎರಡು ಬಂಗುಡೆ ಸಾಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಪುಟಿದು ಮೇಲೇಳಬೇಕು. ಬಂಗುಡೆಯ ಜಾತಿಯ ಮೀನನ್ನು ಹೊರಗೆ ಬಿಸಿಲಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ಮೈಯೆಲ್ಲ ಕೆಂಪಾಗಿ ತುರಿಕೆ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಕೊಂಡ ಮೀನನ್ನು ಆಗಲೇ ಶುಚಿಗೊಳಿಸಿ ಫ್ರಿಜ್ಜಿನಲ್ಲಿಡಿ. ಎರಡೂ ಬದಿಗೆ ಮೂರು ಮೂರು ಓರೆಗೀರು ಎಳೆದು, ಬಟ್ಟೆಯಿಂದ ನೀರಿನ ಪಸೆ ಒರೆಸಿ.

ಮಸಾಲೆಗೆ ನೆನೆಸಿದ ನಾಲ್ಕು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಕಾಳುಮೆಣಸು, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಬ್ಯಾಡಗಿ ಮೆಣಸು ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು, ಹಾಗಾಗಿ ಹೆದರಬೇಕಾಗಿಲ್ಲ. ನೀರು ಸೋಕಿಸಿ ಗಟ್ಟಿಯಾಗಿ ಅರೆಯಿರಿ. ಊಟಕ್ಕೆಲ್ಲ ಸೇರಿ ಅರ್ಧ ಸಣ್ಣ ಚಮಚ ಉಪ್ಪು. ತಲೆಗೆ ಒಂದೂಕಾಲು ಗ್ರಾಂನಷ್ಟಾಯಿತು. ಇಷ್ಟು ಕಡಿಮೆ ಉಪ್ಪಿನಲ್ಲಿ ನಾಲಿಗೆಯನ್ನು ಒಪ್ಪಿಸುವ ಗುಟ್ಟು ಹುಳಿಯಲ್ಲಿದೆ. ಹುಣಸೆ, ಲಿಂಬೆ, ಪುನರ್ಪುಳಿ ಯಾವುದಾದರೂ ಸರಿ. ಹುಳಿಯೂ ಕಾಳುಮೆಣಸೂ ಬೆಳ್ಳುಳ್ಳಿಯೂ ಮುಂದೆ ನಿಂತರೆ ಉಪ್ಪಿನ ಗೈರುಹಾಜರಿ ಗೊತ್ತಾಗುವುದಿಲ್ಲ. ಉಪ್ಪನ್ನು ಅರೆಯುವಾಗ ಸೇರಿಸದೆ ಮೀನಿನ ಮೈಗೆ ನೇರವಾಗಿ ಸವರಿದರೆ ಅಷ್ಟೇ ಉಪ್ಪು ನಾಲಿಗೆಗೆ ಹೆಚ್ಚಾಗಿ ತಾಗುತ್ತದೆ. ಅಂಗಡಿಗಳಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪು ಸಿಗುತ್ತದೆ; ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು, ರಕ್ತದೊತ್ತಡದ ಕೆಲವು ಬಗೆಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು.

ಇನ್ನು ತರಕಾರಿ. ಸಿಹಿಗುಂಬಳ, ಬದನೆ, ತೊಂಡೆಕಾಯಿ, ಈರುಳ್ಳಿ, ಒಂದು ಟೊಮೆಟೊ, ಸಿಪ್ಪೆಯೊಡನೆ ಐದಾರು ಬೆಳ್ಳುಳ್ಳಿ ಎಸಳು. ಉಡುಪಿಯ ಕಡೆಯವರಿಗೆ ಮಟ್ಟುಗುಳ್ಳ ಸಿಕ್ಕಿದರೆ ಅದಕ್ಕಿಂತ ಮಿಗಿಲಾದ ಬದನೆಯಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮಠದ ಊಟದಲ್ಲಿ ಹೆಸರು ಮಾಡಿದ ಗುಳ್ಳವನ್ನು ಬಂಗುಡೆಯ ಪಕ್ಕದಲ್ಲಿ ಕೂರಿಸುವುದಕ್ಕೆ ನನ್ನ ಕೆಲವು ಮಿತ್ರರ ಆಕ್ಷೇಪವಿದೆ. ಗುಳ್ಳದ ಆಕ್ಷೇಪ ಇದುವರೆಗೆ ಬಂದಿಲ್ಲ. ತುಂಡುಗಳು ಹೆಬ್ಬೆರಳಿನ ತುದಿಯಷ್ಟಿರಲಿ, ಎಲ್ಲವೂ ಒಂದೇ ಗಾತ್ರದಲ್ಲಿರಲಿ. ಎರಡು ಸಣ್ಣ ಚಮಚ ಎಣ್ಣೆ ಹಾಕಿ ಕೈಯಿಂದ ಕಲಸಿದರೆ ಎಲ್ಲ ತುಂಡಿಗೂ ಹತ್ತುತ್ತದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಇಬ್ಬರಿಗೆ ಎರಡು ಚಮಚವೆಂದರೆ ಒಟ್ಟು 90ರ ಆಸುಪಾಸು. ಕಾವಲಿಯಲ್ಲಿ ಹುರಿಯುವಾಗ ನಾವು ಸುರಿಯುವ ಎಣ್ಣೆಯ ಲೆಕ್ಕವನ್ನು ನೀವೇ ಹಾಕಿಕೊಳ್ಳಿ.

ಈಗ ಮುಖ್ಯ ವಿಷಯ: ಮೀನನ್ನೂ ತರಕಾರಿಯನ್ನೂ ಒಟ್ಟಿಗೆ ಒಳಗಿಡಬಾರದು. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲಾಗಬೇಕಾದರೆ 85 ಡಿಗ್ರಿಗಿಂತ ಹೆಚ್ಚಿನ ಶಾಖ ಸಾಕಷ್ಟು ಹೊತ್ತು ಬೇಕು. ಮೀನಿಗೆ ಅಷ್ಟು ಬೇಡ. ನೀರಿನಲ್ಲಿ ತೇಲುವ ಪ್ರಾಣಿಗೆ ತನ್ನ ಭಾರವನ್ನು ಹೊರುವ ಕಷ್ಟವಿಲ್ಲ, ಹಾಗಾಗಿ ಅದರ ಮಾಂಸದಲ್ಲಿ ಗಟ್ಟಿ ನಾರು ಬಹಳ ಕಡಿಮೆ. ಒಳಗಿನ ಶಾಖ 63 ಡಿಗ್ರಿ ಮುಟ್ಟಿದರೆ ಬೆಂದಂತೆಯೇ. ಅದಕ್ಕಿಂತ ಬಹಳ ಮುಂದೆ ಹೋದರೆ ರಸ ಬತ್ತಿ ಹತ್ತಿಯಂತಾಗುತ್ತದೆ. ಆದ್ದರಿಂದ ಓವನ್ನನ್ನು 200 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, ತಟ್ಟೆಯಲ್ಲಿ ತರಕಾರಿಯನ್ನು ಹರಡಿ ಮೊದಲು ಇಪ್ಪತ್ತು ನಿಮಿಷ ಬೇಯಿಸಬೇಕು. ರಾಶಿ ಹಾಕಿದರೆ ತನ್ನದೇ ಹಬೆಯಲ್ಲಿ ಮೆತ್ತಗಾಗುತ್ತದೆ. ಬಿಡಿಬಿಡಿಯಾಗಿ ಹರಡಿದರೆ ಅಂಚುಗಳು ಕಂದಾಗಿ ಸಿಹಿಯಾಗುತ್ತವೆ.

ಆ ಹೊತ್ತಿನಲ್ಲಿ ಬಾಳೆಯೆಲೆಯ ದಿಂಡು ತೆಗೆದು ಒಲೆಯ ಉರಿಯ ಮೇಲೆ ಆಡಿಸಿ ಬಾಡಿಸಿಕೊಳ್ಳಿ. ಹಸಿ ಎಲೆ ಮಡಚಿದರೆ ಸೀಳುತ್ತದೆ. ಮಸಾಲೆ ಮೆತ್ತಿದ ಮೀನನ್ನು ಅರಿಶಿನದ ಎಲೆಯ ಮೇಲಿಟ್ಟು, ಹೊರಗೆ ಬಾಳೆಯೆಲೆ ಸುತ್ತಿ, ಮಡಿಕೆಯ ಭಾಗ ಕೆಳಗೆ ಬರುವಂತೆ ತರಕಾರಿಯ ನಡುವೆ ಇಡಿ. ಹದಿನೈದು ನಿಮಿಷ. ಎಲೆಯೊಳಗೆ ಮೀನು ತನ್ನ ರಸದ ಹಬೆಯಲ್ಲೇ ಬೇಯುತ್ತದೆ. ಕೊನೆಯ ನಾಲ್ಕೈದು ನಿಮಿಷ ಎಲೆ ಬಿಡಿಸಿ ಮೇಲಿನ ಸರಳನ್ನು ಮಾತ್ರ ಉರಿಸಿದರೆ ಮಸಾಲೆ ಒಣಗಿ ಹುರಿದ ಮೀನಿನ ಬಣ್ಣ, ವಾಸನೆ ಬರುತ್ತದೆ. ಒದ್ದೆ ಮೈಗೆ ಆ ಬಣ್ಣ ಎಂದೂ ಬಾರದು. ದಪ್ಪಭಾಗಕ್ಕೆ ಚಾಕುವಿನ ತುದಿ ಚುಚ್ಚಿ ನೋಡಿ. ಗಾಜಿನಂತಿದ್ದ ಮಾಂಸ ಹಾಲಿನಂತೆ ಬೆಳ್ಳಗಾಗಿ, ಮುಳ್ಳಿನಿಂದ ತಾನಾಗಿ ಬಿಡುತ್ತಿದ್ದರೆ ಆಯಿತು. ನಮ್ಮ ಓವನ್ 1500 ವ್ಯಾಟಿನದು. ಮುಕ್ಕಾಲು ಗಂಟೆ ಎಡೆಬಿಡದೆ ಉರಿದರೂ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಶಾಖ ಏರಿದಾಗ ಅದು ತಾನೇ ಆರಿ ಹೊತ್ತುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ.

ಬಂಗುಡೆ, ಬೂತಾಯಿಗಳ ಮೈಯಲ್ಲೇ ಎಣ್ಣೆಯಂಶವಿದೆ. ಹೃದಯಕ್ಕೆ ಹಿತವೆಂದು ಹೇಳುವ ಒಮೆಗಾ-3 ಕೊಬ್ಬು ಅದರಲ್ಲೇ ಇರುವುದು. ಅಮೆರಿಕದ ಹೃದ್ರೋಗ ತಜ್ಞರ ಸಂಘ ವಾರಕ್ಕೆ ಎರಡು ಬಾರಿ ಮೀನು ತಿನ್ನಿ ಎನ್ನುವುದು ಇಂಥ ಮೀನನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು. ಬಡವರ ಮೀನೆಂದು ಒಂದು ಕಾಲದಲ್ಲಿ ಮೂಗು ಮುರಿದದ್ದಕ್ಕೆ ಈಗ ಈ ಮರ್ಯಾದೆ! ಕಾಣೆಯಂಥ ಕೊಬ್ಬಿಲ್ಲದ ಮೀನು ಬೇಗ ಒಣಗುತ್ತದೆ. ಅದಕ್ಕೆ ಅರ್ಧ ಚಮಚ ಎಣ್ಣೆ ಸವರಿ ಮೂರು ನಾಲ್ಕು ನಿಮಿಷ ಮೊದಲೇ ತೆಗೆಯಿರಿ.

ಉಳಿದದ್ದು ಮುಳ್ಳಿನ ಕೆಲಸ. ಹೀಗೆ ಬೆಂದ ಬಂಗುಡೆಯ ಬೆನ್ನಿನ ಗೆರೆಯಲ್ಲಿ ಚಮಚ ಇಳಿಸಿದರೆ ಮೇಲಿನ ಅರ್ಧ ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಬಾಲದ ಕಡೆಯಿಂದ ನಡುಮುಳ್ಳನ್ನು ಮೆಲ್ಲಗೆ ಎತ್ತಿದರೆ ಪಕ್ಕೆಲುಬುಗಳ ಸಮೇತ ಏಣಿಯಂತೆ ಎದ್ದು ಬರುತ್ತದೆ. ನಡುಗೆರೆಯ ಸಣ್ಣ ಮುಳ್ಳುಗಳು ಮಾತ್ರ ಉಳಿಯುತ್ತವೆ. ಅವನ್ನು ಕಣ್ಣಿಗಿಂತ ಬೆರಳು ಚೆನ್ನಾಗಿ ಹಿಡಿಯುತ್ತದೆ. ದೀಪದ ಕೆಳಗೆ ಕನ್ನಡಕ ಏರಿಸಿ ಒಂದೊಂದು ತುಣುಕನ್ನೂ ಬೆರಳುಗಳ ನಡುವೆ ಒತ್ತಿ ನೋಡಿಯೇ ಆಕೆಯ ತಟ್ಟೆಗೆ ಹಾಕುತ್ತೇನೆ. ದಶಕಗಳ ಕಾಲ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳಲ್ಲಿ ಕಾಗುಣಿತ ಹುಡುಕಿದ ಕಣ್ಣಿಗೆ ಈ ಕೆಲಸ ಹೊಸದಲ್ಲ. ಆದರೆ ಅಲ್ಲಿ ತಪ್ಪಿಗೆ ಅರ್ಧ ಅಂಕ, ಇಲ್ಲಿ ಗಂಟಲು. ಇಂದಿನವರೆಗೆ ಒಂದು ಮುಳ್ಳೂ ಆ ತಟ್ಟೆಗೆ ಹೋಗಿಲ್ಲ.

ಈಗ ಆಕೆ ಎಡಗೈಯಿಂದ ತಾನೇ ಉಣ್ಣುತ್ತಾಳೆ. ಅಂಗಳದವರೆಗೆ ಕೋಲು ಹಿಡಿದು ನಡೆಯುತ್ತಾಳೆ. ಮಾತು ನಿಧಾನವಾಗಿ, ಅಲ್ಲಲ್ಲಿ ಕೊಂಡಿ ಕಳಚಿ ಬರುತ್ತದೆ. ಮಾತಿನ ತರಬೇತಿ ನೀಡಿದ ತಾಯಿಯವರು, ಮನೆಯಲ್ಲಿ ದಿನವೂ ನಡೆಯುವ ಕೆಲಸಗಳ ಸುತ್ತಲೇ ಮಾತಾಡಿಸಿ ಎಂದಿದ್ದರು. ಆ ಮಾತು ನಮ್ಮಲ್ಲಿ ಅಡುಗೆಯ ಸುತ್ತ ನಡೆಯಿತು. ಅರಿಶಿನ ಎಲೆಯ ನಂತರ ಬಂದದ್ದು "ಹುಳಿ ಕಮ್ಮಿ". ಆಮೇಲೆ "ಬೆಳ್ಳುಳ್ಳಿ ಕರ್ಕಾಯ್ತ್". ಈಗ ಪೂರ್ತಿ ವಾಕ್ಯಗಳು, ಹೆಚ್ಚಿನವು ನನ್ನ ಕೈಗುಣದ ವಿಮರ್ಶೆ. ನಲವತ್ನಾಲ್ಕು ವರ್ಷ ಕೇಳಿದವಳು ಈಗ ಹೇಳುತ್ತಿದ್ದಾಳೆ, ಹೇಳಿದವನು ಕೇಳುತ್ತಿದ್ದಾನೆ. ಮೀನು ತರುವಾಕೆಯೂ ಈಗ ನನ್ನನ್ನು ನಂಬುವುದಿಲ್ಲ. ಬುಟ್ಟಿಯನ್ನು ನೇರವಾಗಿ ಆಕೆಯ ಕುರ್ಚಿಯ ಮುಂದೆ ಇಳಿಸುತ್ತಾರೆ. ಕಿವಿರು ಎತ್ತಿ ನೋಡಿ ತಲೆಯಾಡಿಸಿದರೆ ಮಾತ್ರ ವ್ಯಾಪಾರ.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಬಲಗೈ ಮರಳಿಲ್ಲ; ಮರಳುವುದು ಕಷ್ಟವೆಂದು ವೈದ್ಯರೂ ಹೇಳಿದ್ದಾರೆ. ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಏರಿಸಿದ್ದೇನೆ. ಕೆಲವು ಸಂಜೆ ಆಕೆ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕುಳಿತಿರುತ್ತಾಳೆ. ಆ ದಿನ ಯಾವ ಎಲೆಯ ಪರಿಮಳವೂ ಕೆಲಸಕ್ಕೆ ಬಾರದು. ಅಂಥ ದಿನ ಗಂಜಿ ಬಡಿಸಿ ಪಕ್ಕದಲ್ಲಿ ಕುಳಿತಿರುತ್ತೇನೆ. ಮೀನು ಪಾರ್ಶ್ವವಾಯುವಿಗೆ ಔಷಧಿಯಲ್ಲ. ಮಾತ್ರೆ, ವ್ಯಾಯಾಮ, ರಕ್ತದೊತ್ತಡದ ತಪಾಸಣೆ ಇವು ಯಾವುದನ್ನೂ ನಾವು ಬಿಟ್ಟಿಲ್ಲ, ನೀವೂ ಬಿಡಬೇಡಿ. ಆದರೆ ಔಷಧಿ ಕೆಲಸ ಮಾಡಬೇಕಾದರೂ ಉಣ್ಣುವ ಮನಸ್ಸು ಬೇಕಲ್ಲವೇ? ಕಳೆದುಕೊಂಡ ಆರು ಕಿಲೋದಲ್ಲಿ ನಾಲ್ಕು ಮರಳಿದೆ. ನನಗೆ ಅಷ್ಟು ಸಾಕು.

ನಿಮ್ಮಲ್ಲಿ ಹಲವರು ಈಗ ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುತ್ತಿದ್ದೀರಿ. ವೈದ್ಯರ ಚೀಟಿಯಲ್ಲಿ ಬೇಡವೆಂದು ಬರೆದದ್ದನ್ನು ಮೊದಲು ಓದುತ್ತೇವೆ. ಉಳಿದಿರುವುದರಲ್ಲಿ ಅವರ ನಾಲಿಗೆಗೆ ಪರಿಚಿತವಾದದ್ದು ಏನಿದೆಯೆಂದು ಅವರನ್ನೇ ಕೇಳಿ. ಎಣ್ಣೆಯೂ ಉಪ್ಪೂ ಬಾರದ ಮುಂಚಿನ ಅಡುಗೆಯೊಂದು ಅವರ ನೆನಪಿನಲ್ಲಿ ಇದ್ದೇ ಇರುತ್ತದೆ. ದೂರದೇಶದಲ್ಲಿರುವವರಿಗೆ ಬಂಗುಡೆ ಸಿಗದಿದ್ದರೆ ಸಾಲ್ಮನ್ ಆದೀತು. ಬಾಳೆಯೆಲೆ ಸಿಗದಿದ್ದರೆ ಬೇಕಿಂಗ್ ಕಾಗದ ಆದೀತು. ಮೀನು ತಿನ್ನದವರು ಇದೇ ಮಸಾಲೆಯನ್ನು ಪನೀರಿಗೆ ಮೆತ್ತಿ ಹತ್ತು ನಿಮಿಷ ಇಟ್ಟರೂ ಚೆನ್ನಾಗಿಯೇ ಬರುತ್ತದೆ, ಅದಕ್ಕೂ ಎಲೆ ಸುತ್ತಿ.

ಈ ಕಡೆ ಬಂದಾಗ ಮನೆಗೆ ಬನ್ನಿ. ಹಿಂದಿನ ದಿನವೇ ಫೋನ್ ಮಾಡಿ, ಮೀನಿಗೆ ಹೇಳಿಡಬೇಕು. ಮಳೆಗಾಲ ಮುಗಿದು ಅರಿಶಿನದ ಗಿಡ ಒಣಗುವ ಮೊದಲು ಬಂದರೆ ಎರಡೂ ಎಲೆಗಳ ಊಟ ಸಿಗುತ್ತದೆ. ಉಪ್ಪು ಸಾಲದೆಂದು ತೋರಿದರೆ ನನ್ನನ್ನು ಕೇಳಬೇಡಿ. ಬಡಿಸುವುದಷ್ಟೇ ನನ್ನ ಕೆಲಸ. ತೀರ್ಪು ಆ ಕುರ್ಚಿಯಿಂದ ಬರುತ್ತದೆ.